ಕೈ ನಂಬಿ ಕೆಟ್ಟೆವು

ಕಳೆದ ತಿಂಗಳ ಕೂಟಕ್ಕೆ ನಾವು ಒಂದು ಮುಕ್ಕಾಲಿಯನ್ನು ಹೊತ್ತು ತಂದಿದ್ದೆವು. ಅಂಗಡಿಯವರು ಟ್ರೈಪಾಡ್ ಎನ್ನುವ ವಸ್ತು ಅದು. ಪ್ರಬಂಧ ವಾಚನ ಮುಗಿದು ಚಹಾ ಬರುವ ಹೊತ್ತಿಗೆ ಅದರ ಕಾಲುಗಳನ್ನು ಬಿಡಿಸಿ, ತಲೆಯ ಮೇಲೆ ಅಂಗೈಯಷ್ಟು ಅಗಲದ ಹಳೆಯ ಕ್ಯಾಮೆರಾವೊಂದನ್ನು ತಿರುಪಿ ನಿಲ್ಲಿಸಿದೆವು. ಗೆಳೆಯರೊಬ್ಬರು ಅದನ್ನು ಸುತ್ತು ಹಾಕಿ ನೋಡಿ, ‘ಇಲಿಯ ಮೇಲೆ ಅಂಬಾರಿ ಹೊರಿಸುವುದನ್ನು ಕೇಳಿದ್ದೆ, ಅಂಬಾರಿಯ ಮೇಲೆ ಇಲಿಯನ್ನು ಕೂರಿಸಿದ್ದನ್ನು ಇವತ್ತೇ ನೋಡಿದೆ’ ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಂದು ಕೊಡದೆ ಬಿಟ್ಟ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಸ್ವಲ್ಪ ಖಾರವಾದರೆ ಸಹೃದಯರು ಕ್ಷಮಿಸಬೇಕು. ಆ ಖಾರದಲ್ಲಿ ಹೆಚ್ಚಿನ ಪಾಲು ನಮ್ಮ ಮೇಲೆಯೇ ಬೀಳುವಂಥದು.

ದೊಡ್ಡ ಕ್ಯಾಮೆರಾಕ್ಕೆ ಮುಕ್ಕಾಲಿ, ಚಿಕ್ಕದಕ್ಕೆ ಕೈಯೇ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಇದು ತಪ್ಪು ಎಂದಷ್ಟೇ ಹೇಳಿದರೆ ಸಾಲದು, ಇದು ತಲೆಕೆಳಗಾದ ನಂಬಿಕೆ. ಚಿಕ್ಕ ಕ್ಯಾಮೆರಾಕ್ಕೇ ಮುಕ್ಕಾಲಿಯ ಅಗತ್ಯ ಹೆಚ್ಚು. ದೊಡ್ಡ ಕ್ಯಾಮೆರಾವನ್ನು ಕಣ್ಣಿಗೊತ್ತಿ, ಮೊಣಕೈಗಳನ್ನು ಪಕ್ಕೆಗೆ ಅವಚಿ ಹಿಡಿಯುತ್ತೇವೆ. ಅದರ ಭಾರವೇ ಸಣ್ಣ ನಡುಕವನ್ನು ನುಂಗಿಕೊಳ್ಳುತ್ತದೆ. ಅಂಗೈಯಗಲದ್ದನ್ನಾದರೋ ಹಿಂಬದಿಯ ಪರದೆ ಕಾಣಲೆಂದು ತೋಳು ಚಾಚಿ ಹಿಡಿಯುತ್ತೇವೆ. ಚಾಚಿದ ತೋಳು ನಡುಗುತ್ತದೆ. ಇನ್ನೂರು, ಇನ್ನೂರೈವತ್ತು ಗ್ರಾಮಿನ ವಸ್ತುವಿಗೆ ಆ ನಡುಕವನ್ನು ತಡೆಯುವ ತೂಕವಿಲ್ಲ. ಬಟನ್ನನ್ನು ಒತ್ತುವ ಬೆರಳೇ ಅದನ್ನು ಕೆಳಕ್ಕೆ ತಳ್ಳುತ್ತದೆ. ಜೊತೆಗೆ ಒಳಗಿನ ಸೆನ್ಸರ್ ಚಿಕ್ಕದಾದ್ದರಿಂದ ಬೆಳಕು ಕಡಿಮೆಯಾದಾಗ ಐಎಸ್‌ಒ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ. ಝೂಮ್ ಮಾಡಿದಷ್ಟೂ ಮಸೂರ ಒಳಬಿಡುವ ಬೆಳಕು ಕುಗ್ಗುತ್ತದೆ. ಇಷ್ಟು ದೌರ್ಬಲ್ಯಗಳುಳ್ಳ ಬಡಪಾಯಿಗೆ ಆಸರೆ ಬೇಡವೆಂದು, ತನ್ನ ಭಾರದಿಂದಲೇ ನೆಟ್ಟಗೆ ನಿಲ್ಲಬಲ್ಲ ದೊಡ್ಡಣ್ಣನಿಗೆ ಮಾತ್ರ ಆಸರೆ ಕೊಡುವುದು ಯಾವ ನ್ಯಾಯ?

ಸಾಹಿತ್ಯದ ಬಳಗಕ್ಕೂ ಈ ಚರ್ಚೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವನ್ನು ಹೇಳಲು ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ.

ಮುಂಬಯಿಯ ಹಳೆಯ ಚಾಳೊಂದರಲ್ಲಿ ಕರಾವಳಿಯ ಕಡೆಯ ಹಿರಿಯರೊಬ್ಬರಿದ್ದರು. ಹುಡುಗನಾಗಿ ಹೋಟೆಲಿನ ಕೆಲಸಕ್ಕೆ ಬಂದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಅಲ್ಲಿನ ಸಹಪಾಠಿಗಳೊಡನೆ ಕೈಬರಹದ ಪತ್ರಿಕೆಯೊಂದನ್ನು ನಡೆಸಿದವರು. ಅದರ ಆರು ಸಂಚಿಕೆಗಳು ಅವರ ತಗಡಿನ ಟ್ರಂಕಿನಲ್ಲಿದ್ದವು. ಕಥೆ, ಕವಿತೆ, ಹೋಟೆಲಿನ ದಿನಚರಿ, ಊರಿಗೆ ಬರೆದಂತೆ ಬರೆದು ಕಳಿಸದೆ ಉಳಿಸಿಕೊಂಡ ಪತ್ರಗಳು. ಚಾಳು ರೀಡೆವಲಪ್‌ಮೆಂಟಿಗೆ ಹೋಗುವ ಸುದ್ದಿ ಬಂದಾಗ ನಾವು ನಾಲ್ವರು ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆವು. ಸಂಚಿಕೆಗಳನ್ನು ಹೊರಗೆ ಕೊಂಡೊಯ್ಯುವಂತಿರಲಿಲ್ಲ, ಅದು ಅವರ ಷರತ್ತು. ಮೂರು ಫೋನು, ಒಂದು ಚಿಕ್ಕ ಕ್ಯಾಮೆರಾ, ಒಂದು ಟ್ಯೂಬ್‌ಲೈಟು. ಮೂರು ಗಂಟೆಯೊಳಗೆ ಪುಟಗಳೆಲ್ಲ ಮುಗಿದವು. ಇಷ್ಟು ಬೇಗ ಮುಗಿಯಿತಲ್ಲ ಎಂದು ಹೆಮ್ಮೆಪಟ್ಟುಕೊಂಡು, ಅವರು ಕೊಟ್ಟ ಕಾಫಿ ಕುಡಿದು ಬಂದೆವು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮೂರರಲ್ಲಿ ಒಂದು ಪಾಲು ಪುಟಗಳನ್ನು ಓದುವಂತಿತ್ತು. ಉಳಿದವುಗಳಲ್ಲಿ ಕೆಲವಕ್ಕೆ ನಮ್ಮ ಕೈಯ ನೆರಳು, ಕೆಲವಕ್ಕೆ ಅಂಚೇ ಇಲ್ಲ, ಬಹುಪಾಲಿಗೆ ಆ ತೆಳುವಾದ ಮಸುಕು. ಪರದೆಯ ಮೇಲೆ ಚಿಕ್ಕದಾಗಿ ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಅಲ್ಲೇ ನಾವು ಮೋಸಹೋದದ್ದು. ನೇರಳೆ ಪೆನ್ಸಿಲಿನಲ್ಲಿ ಯಾರೋ ಮಾಡಿದ್ದ ತಿದ್ದುಪಡಿಗಳು ಕಾಗದದ ಬಣ್ಣದಲ್ಲಿ ಕರಗಿಹೋಗಿದ್ದವು. ಇನ್ನೊಮ್ಮೆ ಹೋಗೋಣವೆಂದುಕೊಂಡೆವು. ಒಬ್ಬರಿಗೆ ಆಡಿಟ್ಟು, ಇನ್ನೊಬ್ಬರ ಮನೆಯಲ್ಲಿ ಮದುವೆ, ಮಳೆಗಾಲ. ಐದು ತಿಂಗಳ ಮೇಲೆ ಫೋನು ಮಾಡಿದಾಗ ಅವರು ದೂರದ ಉಪನಗರದ ಬಾಡಿಗೆ ಕೋಣೆಯಲ್ಲಿದ್ದರು. ಟ್ರಂಕು? ‘ಅದೆಲ್ಲ ರದ್ದಿಗೆ ಹೋಯಿತು. ನೀವು ಫೋಟೋ ತೆಗೆದುಕೊಂಡು ಹೋಗಿದ್ದೀರಲ್ಲ ಮಾರಾಯ್ರೆ, ಇನ್ನು ಯಾಕೆ ಅಂತ ಕೊಟ್ಟುಬಿಟ್ಟೆ.’

ನಾವು ಹೋಗದೇ ಇದ್ದಿದ್ದರೆ ಆ ಟ್ರಂಕು ಬಾಡಿಗೆ ಕೋಣೆಯ ಮಂಚದ ಕೆಳಗೆ ಇನ್ನೂ ಇರುತ್ತಿತ್ತೇನೋ. ಕೆಟ್ಟ ಪ್ರತಿಯೊಂದು ಮೂಲವನ್ನು ಹೇಗೆ ಕೊಲ್ಲಬಲ್ಲದು ಎಂಬುದನ್ನು ನಾವು ಹಾಗೆ ಕಲಿತೆವು. ಉಳಿಸಲು ಹೋದವರ ಉತ್ಸಾಹವೇ ಉಳಿದಿದೆಯೆಂಬ ಸುಳ್ಳು ನೆಮ್ಮದಿಯನ್ನು ಕೊಟ್ಟುಬಿಟ್ಟಿತು. ಆ ಸಂಚಿಕೆಯ ಕವಿತೆಯೊಂದರ ಕೊನೆಯ ಪದವನ್ನು ನಮ್ಮಲ್ಲಿ ಇಬ್ಬರು ‘ಊರು’ ಎಂದೂ ಇನ್ನಿಬ್ಬರು ‘ಉರಿ’ ಎಂದೂ ಓದುತ್ತೇವೆ. ತೀರ್ಮಾನಿಸಲು ಈಗ ಕಾಗದವಿಲ್ಲ.

ಕನ್ನಡದ ಲಿಪಿ ಮಸುಕನ್ನು ಸಹಿಸುವುದಿಲ್ಲ ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ದಕ್ಕೂ ಧಕ್ಕೂ, ಪಕ್ಕೂ ಫಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಪಕಾರವನ್ನು ಷಕಾರ ಮಾಡುವುದು ಹೊಟ್ಟೆಯೊಳಗಿನ ಒಂದು ಗೆರೆ. ಒತ್ತಕ್ಷರಗಳು ಸಾಲಿನ ಅಡಿಯಲ್ಲಿ ಅಕ್ಷರದ ಅರ್ಧ ಗಾತ್ರದಲ್ಲಿ ಕೂತಿರುತ್ತವೆ. ಕೈ ನಡುಗಿದಾಗ ಮೊದಲು ಅಳಿಯುವುದು ಇವೇ. ರೋಮನ್ ಅಕ್ಷರಗಳ ಟೈಪು ಮಾಡಿದ ಬಿಲ್ಲನ್ನು ಫೋನಿನಿಂದ ಹಿಡಿದು ‘ನೋಡಿ, ಎಷ್ಟು ಸ್ಪಷ್ಟ’ ಎನ್ನುವವರು, ಮಾಸಿದ ಶಾಯಿಯ ಕನ್ನಡ ಕೈಬರಹದ ಒಂದು ಪುಟವನ್ನು ಅದೇ ರೀತಿ ಹಿಡಿದು, ನೂರು ಪಾಲು ಹಿಗ್ಗಿಸಿ ನೋಡಲಿ.

‘ಈಗಿನ ಕ್ಯಾಮೆರಾಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ’ ಎಂಬುದು ಎದುರಾಳಿಗಳ ಮುಖ್ಯ ಅಸ್ತ್ರ. ಇದೆ, ಒಳ್ಳೆಯದೂ ಹೌದು. ಜಾತ್ರೆಯಲ್ಲಿ, ಮದುವೆಯಲ್ಲಿ, ರೈಲಿನ ಬಾಗಿಲಲ್ಲಿ ಅದರಿಂದ ಉಪಕಾರವಿದೆ. ಆದರೆ ಲೆಕ್ಕ ಹಾಕಿ ನೋಡೋಣ. ಮನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಎಫ್ 4ರ ಅಪರ್ಚರಿನಲ್ಲಿ, ಐಎಸ್‌ಒ 100ರಲ್ಲಿ ಒಂದು ಪುಟಕ್ಕೆ ಸುಮಾರು 1/8 ಸೆಕೆಂಡು ಬೇಕು. ಕೈಯಲ್ಲಿ ಹಿಡಿದಾಗ ಕ್ಯಾಮೆರಾ ತಾನೇ ಹೆದರಿ ಐಎಸ್‌ಒವನ್ನು 1600ಕ್ಕೆ ಏರಿಸಿ 1/125ಕ್ಕೆ ಓಡುತ್ತದೆ. ಆಗ ರವೆ ಬಂತು. ಸಾಲದ್ದಕ್ಕೆ ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅಗ್ಗದ ಎಲ್‌ಇಡಿ, ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ಚುರುಕಾದರೆ ಒಂದು ಪುಟ ಬೆಳ್ಳಗೆ, ಮುಂದಿನದು ಕಂದು, ಮತ್ತೊಂದರ ಮೇಲೆ ಪಟ್ಟೆಪಟ್ಟೆ. ಮುಕ್ಕಾಲಿಯ ಮೇಲೆ 1/8 ಸೆಕೆಂಡು ನಿಧಾನಿಸಿದರೆ ಆ ಮಿನುಗೆಲ್ಲ ಸರಾಸರಿಯಾಗಿ ಮಾಯ.

ಇನ್ನೂ ದೊಡ್ಡ ಮಾತೆಂದರೆ, ನಡುಕ ತಡೆಯುವ ಯಾವ ಯಂತ್ರವೂ ಮುನ್ನೂರು ಪುಟಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದುಕೊಡಲಾರದು. ಒಂದು ಪುಟಕ್ಕೂ ಇನ್ನೊಂದಕ್ಕೂ ದೂರ, ಕೋನ, ಬೆಳಕು ಬದಲಾಗದಿರುವುದೇ ಪ್ರತಿ ಮಾಡುವ ಕೆಲಸದ ಜೀವ. ಮುಕ್ಕಾಲಿ ಎರಡೂ ಕೈಗಳನ್ನು ಬಿಡುಗಡೆ ಮಾಡುತ್ತದೆ ಎಂಬುದನ್ನಂತೂ ಯಾರೂ ಹೇಳುವುದಿಲ್ಲ. ಒಂದು ಕೈ ಪುಟ ತಿರುವಬೇಕು, ಇನ್ನೊಂದು ಮಡಚಿದ ಅಂಚನ್ನು ಮೆಲ್ಲನೆ ಒತ್ತಿ ಹಿಡಿಯಬೇಕು. ಅರುವತ್ತು ವರ್ಷದ ಕಾಗದಕ್ಕೆ ಒಂದೇ ಕೈಯ ಉಪಚಾರ ಸಾಲದು.

ಮೊದಲಿಗರನ್ನು ನೆನೆಯಬೇಕು. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪ್ರಾಂತದ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಬಿಗ್ಸ್, ಪಿಗೌ, ನೀಲ್ ಮೂವರೂ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾದವು. ಆ ಕಾಲದ ನೆಗೆಟಿವುಗಳು ಬೆಳಕನ್ನು ಕುಡಿಯಲು ಕೆಲವೊಮ್ಮೆ ನಿಮಿಷಗಳನ್ನೇ ತೆಗೆದುಕೊಳ್ಳುತ್ತಿದ್ದವು. ಪೆಟ್ಟಿಗೆಯನ್ನು ಮೂರು ಕಾಲಿನ ಮೇಲೆ ನಿಲ್ಲಿಸದೆ ಬೇರೆ ದಾರಿ ಅವರಿಗಿರಲಿಲ್ಲ. ಒಂದೂವರೆ ಶತಮಾನ ಕಳೆದರೂ ಆ ಗೋಡೆಗಳ ಕೆತ್ತನೆಯನ್ನು ಅವರ ಚಿತ್ರಗಳಲ್ಲಿ ನೋಡಬಹುದು. ನಮ್ಮ ಫೋನುಗಳಲ್ಲಿರುವ ಸಾವಿರಾರು ಚಿತ್ರಗಳಲ್ಲಿ ಎಷ್ಟಕ್ಕೆ ಆ ಮಾತು ಹೇಳಬಹುದು? (ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯನ್ನು ಅಷ್ಟು ಹಿಂದೆಯೇ ಕಡೆದಿಟ್ಟ ನಾಡಿನವರು ನಾವು. ಮೂರು ಪಾದಗಳ ಬಲವನ್ನು ನಮಗೆ ಬೇರೆಯವರು ಹೇಳಿಕೊಡಬೇಕೆ?)

ಹೈದರಾಬಾದಿನ ಗೆಳೆಯರು ಕರೀಂನಗರದ ಕಡೆಯ ಕುರಿಕ್ಯಾಲಕ್ಕೆ ಹೋಗಿ ಪಂಪನ ತಮ್ಮ ಜಿನವಲ್ಲಭನ ಶಾಸನವನ್ನು ನೋಡಿ ಬಂದರು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯಲ್ಲಿರುವ ಶಾಸನ ಅದು. ಅವರು ಕಳಿಸಿದ ಚಿತ್ರಗಳಲ್ಲಿ ಅವರ ಮುಖಗಳು ಸ್ಪಷ್ಟವಾಗಿವೆ, ಅಕ್ಷರಗಳಿಲ್ಲ. ನಡುಹಗಲಿನ ಬಿಸಿಲಿನಲ್ಲಿ ಕಲ್ಲಿನ ಕೆತ್ತನೆ ಚಪ್ಪಟೆಯಾಗಿಬಿಡುತ್ತದೆ. ಬೆಳಕು ಬಂಡೆಯನ್ನು ಸವರಿಕೊಂಡು ಪಕ್ಕದಿಂದ ಬಂದಾಗ ಮಾತ್ರ ಕೆತ್ತಿದ ಹಳ್ಳದಲ್ಲಿ ನೆರಳು ಕೂತು ಅಕ್ಷರ ಏಳುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು, ಇಲ್ಲವೇ ಮಬ್ಬುಗತ್ತಲಲ್ಲಿ ಪಕ್ಕಕ್ಕೆ ಹಿಡಿದ ಒಂದು ಟಾರ್ಚು. ಎರಡರಲ್ಲೂ ಬೆಳಕು ಕಡಿಮೆ, ಸಮಯ ದೀರ್ಘ. ಒಂದೇ ಜಾಗದಿಂದ ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸುತ್ತ ನಾಲ್ಕು ಚಿತ್ರ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಕ್ಯಾಮೆರಾ ಅಲುಗಬಾರದು, ಕೈಯಲ್ಲಿ ಟಾರ್ಚಿರಬೇಕು. ಕೈಗಳೆಷ್ಟಿವೆ ಎಂದು ಎಣಿಸಿಕೊಳ್ಳಿ.

ಇಲ್ಲಿ ಒಂದು ಅಡ್ಡಿ ಇದೆ. ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳೊಳಗೆ ಮುಕ್ಕಾಲಿ ಬಳಸಲು ಮೊದಲೇ ಅನುಮತಿ ಪಡೆಯಬೇಕು. ನಿಯಮದ ಹಿಂದೆ ಕಾರಣಗಳಿಲ್ಲವೆಂದು ಹೇಳಲಾರೆವು. ಲೋಹದ ಕಾಲು ನೆಲವನ್ನು ಗೀರುತ್ತದೆ, ದಾರಿಗೆ ಅಡ್ಡವಾಗುತ್ತದೆ. ಆದರೆ ಗೇಣುದ್ದದ ಮೇಜಿನ ಮುಕ್ಕಾಲಿಯನ್ನೂ ಚಿತ್ರೀಕರಣದ ತಂಡದವರ ಸರಂಜಾಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂಬ ನಮ್ಮ ಅಭಿಪ್ರಾಯವನ್ನು ದಾಖಲಿಸುತ್ತೇವೆ. ಅನುಮತಿಯಿಲ್ಲದಾಗ ಅರ್ಧ ಸೇರು ಅಕ್ಕಿ ಅಥವಾ ರಾಗಿ ತುಂಬಿದ ಬಟ್ಟೆಚೀಲವನ್ನು ಜಗಲಿಯ ಮೇಲಿಟ್ಟು ಕ್ಯಾಮೆರಾವನ್ನು ಅದರಲ್ಲಿ ಹುದುಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಮುಕ್ಕಾಲಿಯ ಮುಕ್ಕಾಲು ಪಾಲು ಗುಣ ದೊರೆಯುತ್ತದೆ. ಸಂಜೆ ಅದೇ ರಾಗಿಯನ್ನು ಮುದ್ದೆಗೂ ಬಳಸಬಹುದು.

ಇನ್ನು ಕೊಳ್ಳುವ ವಿಚಾರ. ನಾವು ಮೊದಲು ಮಾಡಿದ್ದು ಎರಡನೆಯ ತಪ್ಪು. ಪಶ್ಚಾತ್ತಾಪದ ಭರದಲ್ಲಿ ಫೋರ್ಟಿನ ಅಂಗಡಿಗೆ ಹೋಗಿ, ಆಳೆತ್ತರಕ್ಕೆ ಏರುವ, ಬೆರಳಿಗಿಂತ ತೆಳುವಾದ ಕಾಲುಗಳ, ಪ್ಲಾಸ್ಟಿಕ್ಕಿನ ಉದ್ದ ಹಿಡಿಕೆಯ ಒಂದು ಬೆಳ್ಳಿಬಣ್ಣದ ವಸ್ತುವನ್ನು 900 ರೂಪಾಯಿಗೆ ತಂದೆವು. ‘ನಿಮ್ಮ ಚಿಕ್ಕ ಕ್ಯಾಮೆರಾಕ್ಕೆ ಇಷ್ಟು ಸಾಕು ಸೇಠ್’ ಎಂದ ಅಂಗಡಿಯವನು ನಮ್ಮ ಅಜ್ಞಾನವನ್ನು ನಮ್ಮಷ್ಟೇ ಚೆನ್ನಾಗಿ ಬಲ್ಲವನಾಗಿದ್ದ. ಫ್ಯಾನು ತಿರುಗಿದರೆ ಅದೂ ತೂಗುತ್ತಿತ್ತು. ಹಿಡಿಕೆಯನ್ನು ಬಿಗಿದ ಮೇಲೂ ಕ್ಯಾಮೆರಾ ನಿಧಾನವಾಗಿ ತಲೆ ಬಾಗಿಸುತ್ತಿತ್ತು, ವಿನಯ ಹೆಚ್ಚಾದವರಂತೆ. ಕ್ಯಾಮೆರಾ ಹಗುರವಾದರೆ ಮುಕ್ಕಾಲಿಯೂ ಹಗುರವಾಗಿರಲಿ ಎನ್ನುವುದು ಇದೇ ರೋಗದ ಇನ್ನೊಂದು ಲಕ್ಷಣ. ಮೇಲೆ ಭಾರವಿಲ್ಲದಾಗ ಕೆಳಗಾದರೂ ಭಾರ ಬೇಕು.

ಒಂದು, ಒಂದೂವರೆ ಕಿಲೋ ತೂಗುವ, ದಪ್ಪ ಕಾಲುಗಳ ಮುಕ್ಕಾಲಿಯನ್ನೇ ನೋಡಿ. ಕಾಲಿನ ತುಂಡುಗಳು ಕಡಿಮೆಯಿದ್ದಷ್ಟೂ ಗಟ್ಟಿ. ಕೊನೆಯ ತೆಳ್ಳನೆ ತುಂಡನ್ನು ಎಳೆಯದೆ ಕೆಲಸ ಸಾಗುವುದಾದರೆ ಎಳೆಯಬೇಡಿ. ನಡುವಿನ ಕಂಬವನ್ನು ಪೂರ್ತಿ ಏರಿಸಿದರೆ ಮುಕ್ಕಾಲಿ ಒಕ್ಕಾಲಿಯಾಗುತ್ತದೆ. ಅಂಗಡಿಯಲ್ಲೇ ಕಾಲುಗಳನ್ನು ಪೂರ್ತಿ ಬಿಡಿಸಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ, ತಲೆಯನ್ನು ಮೆಲ್ಲಗೆ ತಿರುಚಿ ನೋಡಿ. ನಿಮ್ಮದೇ ಕ್ಯಾಮೆರಾವನ್ನು ಒಯ್ದು ಕೂರಿಸಿ, ಝೂಮನ್ನು ಕೊನೆಯವರೆಗೆ ತಂದು, ಒಂದು ಕಾಲನ್ನು ಬೆರಳಿನಿಂದ ತಟ್ಟಿ. ಪರದೆಯ ಮೇಲಿನ ಚಿತ್ರ ಎಷ್ಟು ಹೊತ್ತು ನಡುಗುತ್ತದೆ ಎಂಬುದು ಯಾವ ಜಾಹೀರಾತಿಗಿಂತಲೂ ಸತ್ಯವನ್ನು ಹೇಳುತ್ತದೆ. ತಿರುಪು ಬಹುತೇಕ ಎಲ್ಲ ಕ್ಯಾಮೆರಾಗಳಿಗೂ ಒಂದೇ, ಕಾಲು ಅಂಗುಲದ್ದು. ಹೊಂದುತ್ತದೆಯೋ ಇಲ್ಲವೋ ಎಂಬ ಭಯ ಬೇಡ. ಆದರೆ ಚಿಕ್ಕ ಕ್ಯಾಮೆರಾಗಳಲ್ಲಿ ಆ ತೂತು ನಡುಮಧ್ಯದಲ್ಲಿರದೆ ಮೂಲೆಗೆ ಸರಿದಿರುತ್ತದೆ, ಪಕ್ಕದಲ್ಲೇ ಬ್ಯಾಟರಿಯ ಬಾಗಿಲು. ಅಗಲವಾದ ತಟ್ಟೆ ಹಾಕಿದರೆ ಬ್ಯಾಟರಿ ಬದಲಿಸಲು ಪ್ರತಿ ಸಲವೂ ಬಿಚ್ಚಬೇಕು, ಚೌಕಟ್ಟು ಕೆಡುತ್ತದೆ. ಚಿಕ್ಕ ತಟ್ಟೆಯನ್ನು ಕೇಳಿ ಪಡೆಯಿರಿ, ವಿಪರೀತ ಬಿಗಿಯಬೇಡಿ.

ತಲೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ. ಗುಂಡಿನ ತಲೆ ಚುರುಕು ಎನ್ನುವವರಿದ್ದಾರೆ. ಒಂದು ತಿರುಪು ಸಡಿಲಿಸಿದರೆ ಎಲ್ಲ ದಿಕ್ಕಿಗೂ ವಾಲುವ ಅದು ಪ್ರವಾಸಿಗೆ ಸರಿ. ಪುಟದ ಅಂಚನ್ನು ಚೌಕಟ್ಟಿನ ಅಂಚಿಗೆ ಸಮ ಮಾಡುವ ಕೆಲಸಕ್ಕೆ ಒಂದೊಂದು ದಿಕ್ಕನ್ನೂ ಬೇರೆಬೇರೆಯಾಗಿ ತಿದ್ದಬಲ್ಲ ಮೂರು ಹಿಡಿಕೆಯ ತಲೆಯೇ ಮೇಲು ಎಂಬುದು ನಮ್ಮ ಬಹುಮತ. ಬಳ್ಳಿಯಂತೆ ಬಳುಕುವ ಕಾಲುಗಳ ಪುಟ್ಟ ಮುಕ್ಕಾಲಿಗಳು ಬಾಲ್ಕನಿಯ ಸರಳಿಗೆ ಸುತ್ತಿ ದೀಪಾವಳಿಯ ಚಿತ್ರ ತೆಗೆಯಲು ಚೆನ್ನ. ಪ್ರತಿ ಮಾಡುವಲ್ಲಿ ಅವು ಅರ್ಧ ಗಂಟೆಯಲ್ಲಿ ಕುಸಿಯುತ್ತವೆ.

ಬಳಸುವ ಬಗೆಯಲ್ಲಿ ಗುಟ್ಟು ಹೆಚ್ಚಿಲ್ಲ. ಕ್ಯಾಮೆರಾವನ್ನು ಪುಟದ ಮೇಲೆ ನೇತುಹಾಕುವ ಸರ್ಕಸ್ಸು ಬೇಡ. ಪುಸ್ತಕವನ್ನು ವ್ಯಾಸಪೀಠದ ಮೇಲೆ ಓರೆಯಾಗಿ ಇರಿಸಿ, ಕ್ಯಾಮೆರಾವನ್ನು ಅದೇ ಓರೆಗೆ ಎದುರಾಗಿ ನಿಲ್ಲಿಸಿ. ಎದುರಾಗಿದೆಯೇ ಎಂದು ತಿಳಿಯಲು ಪುಟದ ನಡುವೆ ಒಂದು ಚಿಕ್ಕ ಕನ್ನಡಿ ಇಡಿ. ಪರದೆಯ ಮಧ್ಯದಲ್ಲಿ ಮಸೂರ ತನ್ನದೇ ಮುಖವನ್ನು ಕಂಡರೆ ಕೋನ ಸರಿಯಾಯಿತು. ತೀರ ಹತ್ತಿರದಿಂದ ಅಗಲ ಕೋನದಲ್ಲಿ ಹಿಡಿದರೆ ಸಾಲುಗಳು ಬಾಗುತ್ತವೆ, ಸ್ವಲ್ಪ ಹಿಂದೆ ಸರಿದು ಸ್ವಲ್ಪ ಝೂಮ್ ಮಾಡಿ. ಫ್ಲ್ಯಾಶ್ ಆರಿಸಿ. ನಡುಕ ತಡೆಯುವ ವ್ಯವಸ್ಥೆಯನ್ನೂ ಆರಿಸಿ, ಇಲ್ಲದ ನಡುಕವನ್ನು ಹುಡುಕುತ್ತ ಕೆಲವು ಕ್ಯಾಮೆರಾಗಳು ತಾವೇ ಅಲುಗುತ್ತವೆ. ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್. ಮತ್ತು ಹತ್ತು ಪುಟಕ್ಕೊಮ್ಮೆ ಚಿತ್ರವನ್ನು ಪೂರ್ತಿ ಹಿಗ್ಗಿಸಿ ಒತ್ತಕ್ಷರಗಳನ್ನು ಓದಿ ನೋಡಿ. ನಾವು ಆ ಭಾನುವಾರ ಇದೊಂದನ್ನು ಮಾಡಿದ್ದರೂ ಸಾಕಿತ್ತು.

ಹೊಸ ಕ್ಯಾಮೆರಾ ಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕೂಟದ ನಂತರ ಇಬ್ಬರು ಸದಸ್ಯರು ದುಬಾರಿ ಕ್ಯಾಮೆರಾಗಳ ಬೆಲೆ ವಿಚಾರಿಸತೊಡಗಿದ್ದಾರೆಂದು ಕೇಳಿ ಗಾಬರಿಯಾಗಿದ್ದೇವೆ. ಹತ್ತು ಹದಿನೈದು ವರ್ಷದ ಹಿಂದೆ ಕೊಂಡು, ಫೋನು ಬಂದ ಮೇಲೆ ಕಪಾಟಿಗೆ ಸೇರಿದ 12 ಮೆಗಾಪಿಕ್ಸೆಲ್ಲಿನ ಚಿಕ್ಕ ಕ್ಯಾಮೆರಾ ನಿಮ್ಮ ಮನೆಯಲ್ಲೂ ಇರಬಹುದು. ಎ4 ಪುಟವೊಂದನ್ನು ಚೌಕಟ್ಟಿನ ತುಂಬ ಹಿಡಿದರೆ ಅದು ಅಂಗುಲಕ್ಕೆ ಸುಮಾರು 340 ಬಿಂದುಗಳನ್ನು ಕೊಡುತ್ತದೆ. ಕೈಬರಹ ಓದಲು ಅದು ಧಾರಾಳ. ಕೈ ನಡುಗಿದರೆ 20 ಮೆಗಾಪಿಕ್ಸೆಲ್ಲೂ ಅದಕ್ಕೆ ಸಮನಾಗದು. ಹಣವಿದ್ದರೆ ಕಾಲಿಗೆ ಹಾಕಿ.

ಹಣದ ಮಾತು ಬಂದದ್ದರಿಂದ ಒಂದು ಕಟುನುಡಿ. ಹೊರನಾಡಿನ ನಮ್ಮ ಸಂಘಗಳಲ್ಲಿ ಶಾಲು, ಹಾರ, ಫಲಪುಷ್ಪ, ಹಿತ್ತಾಳೆಯ ಸ್ಮರಣಿಕೆಗಳಿಗೆ ಎಂದೂ ಕೊರತೆಯಾಗಿಲ್ಲ. ಆ ಹಿರಿಯರಿಗೂ ನಾವು ಎರಡು ಸಲ ಶಾಲು ಹೊದಿಸಿದ್ದೇವೆ. ಒಂದು ಸನ್ಮಾನದ ಖರ್ಚಿನಲ್ಲಿ ಒಳ್ಳೆಯ ಮುಕ್ಕಾಲಿಯೊಂದು ಬರುತ್ತದೆ. ಹೊರನಾಡ ಕನ್ನಡದ ಕಳೆದುಹೋದ ಪತ್ರಿಕೆಗಳ ಬಗ್ಗೆ ವಿಚಾರಸಂಕಿರಣ ನಡೆಸುವ ನಾವು, ಕಳೆದುಹೋಗುತ್ತಿರುವವುಗಳ ಮುಂದೆ ಅಲುಗಾಡದೆ ನಿಲ್ಲುವ ಒಂದು ವಸ್ತುವನ್ನು ಕೊಳ್ಳಲು ಕಾರ್ಯಕಾರಿ ಸಮಿತಿಯ ಮೂರು ಸಭೆಗಳನ್ನು ತೆಗೆದುಕೊಂಡೆವು. ಪುಣೆ, ಚೆನ್ನೈ, ದೆಹಲಿಯ ಬಳಗಗಳಲ್ಲಿ ಪರಿಸ್ಥಿತಿ ಬೇರೆಯಿದ್ದರೆ ಸಂತೋಷದಿಂದ ತಿದ್ದಿಕೊಳ್ಳುತ್ತೇವೆ.

ಹೊಸ ಮುಕ್ಕಾಲಿ ಈಗ ಡೊಂಬಿವಲಿಯ ಸದಸ್ಯರೊಬ್ಬರ ಮನೆಯ ಬಾಗಿಲ ಹಿಂದೆ ನಿಂತಿದೆ. ಜೊತೆಗೆ ವ್ಯಾಸಪೀಠ, ಕನ್ನಡಿ, ಎರಡು ಬ್ಯಾಟರಿ, ನಮ್ಮ ಹಳೆಯ ಕ್ಯಾಮೆರಾ. ಮನೆ ಒಡೆಯುವ ನೋಟಿಸು ಬಂದ ಕನ್ನಡಿಗರು ಯಾರಾದರೂ ಹಳೆಯ ಪೆಟ್ಟಿಗೆ ತೆರೆಯುವ ಮುನ್ನ ಒಂದು ಮಾತು ತಿಳಿಸಲಿ. ಇಬ್ಬರು ಬರುತ್ತೇವೆ, ಇಡೀ ದಿನ ಇರುತ್ತೇವೆ. ನಾವು ಪುಟಗಳನ್ನೆಲ್ಲ ಓದಿ ಸರಿಯಾಗಿವೆ ಎಂದು ಹೇಳುವವರೆಗೆ ಕಾಗದಗಳನ್ನು ಯಾರಿಗೂ ಕೊಡಬೇಡಿ.